ನಾಲ್ಕು ತಿಂಗಳು ಹತ್ತು ದಿನ

"ನಿಮಗೆ ನನ್ನ ಉಮ್ಮಾಮನನ್ನು ಮದುವೆ ಆಗ್ಲಿಕ್ಕೆ ಆಗ್ತದಾ?"

ಕರೆಂಟ್ ಬಿಲ್ಲಿನವನು ಕೈಯಲ್ಲಿದ್ದ ಮೆಷಿನ್ನಿನಿಂದ ತಲೆ ಎತ್ತಿದ. ಮೆಟ್ಟಿಲ ಮೇಲೆ ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತಿದ್ದವನಿಗೆ ಆರು ವರ್ಷ. ಮುಂದಿನ ಎರಡು ಹಲ್ಲು ಬಿದ್ದುಹೋಗಿದ್ದವು.

"ನನಗೆ ಮದುವೆ ಆಗಿದೆ ಮಾರಾಯ. ಎರಡು ಮಕ್ಕಳೂ ಉಂಟು."

"ಅದಲ್ಲ ಕೇಳಿದ್ದು. ಆಗ್ತದಾ, ಆಗುವುದಿಲ್ವಾ? ಅಷ್ಟು ಹೇಳಿ."

"ಮನೆಯಲ್ಲಿ ಕೇಳಿ ಹೇಳ್ತೇನೆ," ಎಂದು ಅವನು ಬಿಲ್ಲನ್ನು ಮೆಟ್ಟಿಲ ಮೇಲಿಟ್ಟು, ಹಾರಿಹೋಗದಂತೆ ಒಂದು ಕಲ್ಲು ಹೇರಿ ಹೊರಟುಹೋದ.

ಒಳಕೋಣೆಯ ಮಂಚದ ಮೇಲೆ ಕುಳಿತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಮೈಮೂನಮ್ಮನಿಗೆ ಅರವತ್ತಮೂರು ವರ್ಷ. ಗಂಡ ತೀರಿಕೊಂಡು ನಾಲ್ಕು ವಾರವಾಗಿತ್ತು. ಹುಡುಗಿಯಾಗಿದ್ದಾಗಲೂ ಅವರ ಮದುವೆಯ ವಿಚಾರಣೆ ಇಷ್ಟು ಜನರ ಹತ್ತಿರ ನಡೆದಿರಲಿಲ್ಲ.

ತಪ್ಪು ಹುಡುಗನದ್ದು ಎನ್ನುವಂತಿಲ್ಲ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು. ಬಿಳಿ ಬಟ್ಟೆ, ಚಿನ್ನವಿಲ್ಲ, ಸುರ್ಮಾ ಇಲ್ಲ, ಅತ್ತರು ಇಲ್ಲ, ಮನೆಯಿಂದ ಹೊರಗೆ ಕಾಲಿಡುವಂತಿಲ್ಲ, ಪರ ಗಂಡಸರ ಎದುರು ಬರುವಂತಿಲ್ಲ. ಪರ ಗಂಡಸರೆಂದರೆ ಯಾರು ಎಂದು ಮೊಮ್ಮಗ ಇಹ್ಸಾನ್ ಮದ್ರಸದಲ್ಲಿ ಕೇಳಿದ್ದ. ಉಸ್ತಾದರು ಪಾಪ, ಶರೀಅತ್ತಿನ ಪ್ರಕಾರವೇ ಹೇಳಿದ್ದರು: ಯಾರನ್ನು ಮದುವೆಯಾಗಲು ಅವಕಾಶ ಉಂಟೋ ಅವರು ನೋಡಬಾರದು, ಯಾರನ್ನು ಆಗಲಿಕ್ಕಿಲ್ಲವೋ ಅವರು ನೋಡಬಹುದು. ಹುಡುಗ ಇಡೀ ಶಾಸ್ತ್ರವನ್ನು ಒಂದು ಪ್ರಶ್ನೆಗೆ ಇಳಿಸಿಕೊಂಡು ಬಾಗಿಲಿಗೆ ಬಂದು ನಿಂತ. ಗ್ಯಾಸಿನವನು, ಮೀನಿನವನು, ಬಾವಿಯ ಪಂಪು ರಿಪೇರಿಗೆ ಬಂದ ಮುದುಕ, ಎಲ್ಲರಿಗೂ ಅದೇ ಪ್ರಶ್ನೆ. ಪಂಪಿನ ಮುದುಕನೊಬ್ಬನೇ ಸ್ವಲ್ಪ ಹೊತ್ತು ಯೋಚಿಸಿದ್ದು.

ಬೆಳ್ತಂಗಡಿಯಿಂದ ಮೈಮೂನಮ್ಮನ ತಮ್ಮ ಅಬ್ಬಾಸ್ ಬಂದ ದಿನ ವಿಷಯ ದಾಖಲೆಪತ್ರದವರೆಗೆ ಹೋಯಿತು.

"ನಾನು ಅವರ ತಮ್ಮ ಮಾರಾಯ! ಸ್ವಂತ ತಮ್ಮ!"

"ಎಂತ ಗ್ಯಾರಂಟಿ?"

ಅಬ್ಬಾಸ್ ನಗುತ್ತ ಆಧಾರ್ ಕಾರ್ಡು ಕೊಟ್ಟರು. ಹುಡುಗ ಒಂದನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ತಂದೆಯ ಹೆಸರು ಓದಿದ. ಒಳಗೆ ಓಡಿ ಕಪಾಟಿನಿಂದ ಉಮ್ಮಾಮನ ಕಾರ್ಡು ತಂದು ಅದನ್ನೂ ಓದಿದ. ಅಲ್ಲಿದ್ದದ್ದು ಗಂಡನ ಹೆಸರು.

"ಹೆಸರು ಬೇರೆ ಬೇರೆ ಉಂಟು. ನೀವು ಅಲ್ಲೇ ಕೂತುಕೊಳ್ಳಿ."

ಐವತ್ತೆಂಟು ವರ್ಷದ, ಎರಡು ಹಜ್ ಮುಗಿಸಿದ ಅಬ್ಬಾಸ್ ಹೊರಗಿನ ಜಗಲಿಯಲ್ಲಿ ಚಪ್ಪಲಿಗಳ ಪಕ್ಕ ಕುಳಿತು ಕಾಲು ಗಂಟೆ ಬೆವರಿದರು. ಕೊನೆಗೆ ಮೈಮೂನಮ್ಮನ ಸೊಸೆ ಮುರ್ಶಿದಾ ಅಡುಗೆಮನೆಯಿಂದ ಬಂದು ಮಗನ ಕಿವಿ ಹಿಡಿದ ಮೇಲೆಯೇ ಅವರಿಗೆ ಒಳಗೆ ಪ್ರವೇಶ ಸಿಕ್ಕಿದ್ದು.

ಇನ್ನು ಇಹ್ಸಾನನ ತಂಗಿ ಉಝ್ಮಾ, ಮೂರೂವರೆ ವರ್ಷ. ಅವಳು ಒಂದು ಬೆಳಿಗ್ಗೆ ತಲೆಗೆ ಬಿಳಿ ಟವೆಲ್ ಸುತ್ತಿಕೊಂಡು ಉಮ್ಮಾಮನ ಮಂಚದ ಇನ್ನೊಂದು ತುದಿಯಲ್ಲಿ ಕುಳಿತಳು. ಅಂಗನವಾಡಿಗೆ ಹೋಗುವ ಹೊತ್ತಾದರೂ ಏಳಲಿಲ್ಲ.

"ನಾನು ಇದ್ದತ್ ಕೂತದ್ದು. ಹೊರಗೆ ಹೋಗ್ಲಿಕ್ಕಿಲ್ಲ."

"ಇದ್ದತ್ ಕೂರ್ಲಿಕ್ಕೆ ಗಂಡ ಸಾಯಬೇಕು ಹೆಣ್ಣೇ," ಎಂದಳು ಮುರ್ಶಿದಾ, ಒಂದು ಕೈಯಲ್ಲಿ ಬಾಚಣಿಗೆ ಹಿಡಿದು.

"ಸತ್ತಿದ್ದಾನೆ."

"ಯಾರು ನಿನ್ನ ಗಂಡ?"

ಉಝ್ಮಾ ಸೂರು ನೋಡಿದಳು. "ಕೋಳಿ. ನಾವು ಶುಕ್ರವಾರ ತಿಂದದ್ದಲ್ವಾ."

ಮೈಮೂನಮ್ಮನಿಗೆ ನಗು ಬಂತು. ಬಂತೆಂದರೆ, ಹೊಟ್ಟೆಯಿಂದ ಎದ್ದು ಬಂತು. ತಡೆಯಲು ಹೋದರೆ ಕೆಮ್ಮಾಯಿತು. ನಕ್ಕು ಮುಗಿದ ಮೇಲೆ ಹೆದರಿ ಬಾಗಿಲ ಕಡೆ ನೋಡಿದರು. ಸುರ್ಮಾ ಹಚ್ಚಬಾರದು, ಹೂ ಮುಡಿಯಬಾರದು ಎಂದು ಹೇಳಲು ಊರಿನ ಹೆಂಗಸರೆಲ್ಲ ಬಂದಿದ್ದರು. ನಗಬಹುದೋ ಇಲ್ಲವೋ ಎಂದು ಒಬ್ಬಳೂ ಹೇಳಿ ಹೋಗಿರಲಿಲ್ಲ.

ತೀರಿಕೊಂಡ ಬದ್ರುದ್ದೀನ್‌ಗೆ ಪಾಣೆಮಂಗಳೂರು ಪೇಟೆಯಲ್ಲಿ ನಲವತ್ತೈದು ವರ್ಷದ ಚಪ್ಪಲಿ ಅಂಗಡಿ. ಎದುರು ಬಂದವರ ಮುಖ ನೋಡುವ ಮೊದಲು ಕಾಲು ನೋಡುವ ಮನುಷ್ಯ. ಹೆಣ್ಣು ನೋಡಲು ಬಂದ ದಿನವೂ ಅವರು ಕಾಲನ್ನೇ ನೋಡಿ, "ಐದೂವರೆ" ಎಂದು ಮನಸ್ಸಿನಲ್ಲಿ ಬರೆದುಕೊಂಡಿದ್ದರಂತೆ. ಅಕ್ಟೋಬರಿನ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕಾರು ಹತ್ತಿದವರು ಮಧ್ಯಾಹ್ನ ಆಂಬುಲೆನ್ಸಿನಲ್ಲಿ ವಾಪಸಾದರು. ಮಕ್ಕಳು ಹೆದರುವುದು ಬೇಡವೆಂದು ಇಬ್ಬರನ್ನೂ ಅಷ್ಟರಲ್ಲೇ ಕಲ್ಲಡ್ಕಕ್ಕೆ, ಮುರ್ಶಿದಾಳ ತವರಿಗೆ ಕಳಿಸಿಯಾಗಿತ್ತು. ನಾಲ್ಕು ದಿನ ಕಳೆದು ಮಕ್ಕಳು ಮರಳಿದಾಗ ಉಪ್ಪಾಪ ಇರಲಿಲ್ಲ, ಉಮ್ಮಾಮ ಬಿಳಿ ಸೀರೆಯಲ್ಲಿ ಕೋಣೆ ಸೇರಿದ್ದರು, ಸೌದಿಯ ದಮ್ಮಾಮಿನಲ್ಲಿ ದುಡಿಯುವ ಅವರ ಉಪ್ಪ, ಮೈಮೂನಮ್ಮನ ಮಗ ನವಾಝ್ ರಜೆಯಿಲ್ಲದ ಸಮಯದಲ್ಲಿ ಮನೆಗೆ ಬಂದಿದ್ದ. ಎಲ್ಲಿ ಉಪ್ಪಾಪ ಎಂದು ಇಹ್ಸಾನ್ ಕೇಳಿದ. ಮೌತಾದರು, ಅಲ್ಲಾಹನ ಹತ್ತಿರ ಹೋದರು ಎಂದು ಹೇಳಿದರು. ಉಮ್ಮಾಮ ಎಷ್ಟು ದಿನ ಹೀಗೆ ಕೂರುವುದು ಎಂದು ಕೇಳಿದ. ನಾಲ್ಕು ತಿಂಗಳು ಹತ್ತು ದಿನ ಎಂದರು. ಅವನು ತಲೆಯಾಡಿಸಿದ. ಇಷ್ಟು ಸಲೀಸಾಗಿ ಅರ್ಥಮಾಡಿಕೊಂಡನಲ್ಲ ಎಂದು ಮನೆಯವರಿಗೆ ಸಮಾಧಾನವಾಯಿತು.

ಅರ್ಥಮಾಡಿಕೊಂಡದ್ದು ಏನೆಂದು ಮೈಮೂನಮ್ಮನಿಗೆ ಗೊತ್ತಾಗುವಾಗ ಎಂಬತ್ತೊಂಬತ್ತು ದಿನ ಕಳೆದಿತ್ತು.

ಕೊಲ್ಲಿಯಲ್ಲಿ ದುಡಿಯುವವರ ಮನೆಯ ಮಕ್ಕಳಿಗೆ ಯಾರಾದರೂ ಹೋಗುವುದು ಎಂದರೆ ಬರುವುದಕ್ಕೆ ದಿನ ಎಣಿಸಲು ಶುರುಮಾಡುವುದು. ನವಾಝ್ ಹೋದ ಮರುದಿನವೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀಲಿ ಶಾಯಿಯ ಗೀಟುಗಳು ಶುರುವಾಗುತ್ತವೆ. ಆ ವರ್ಷ ಇಹ್ಸಾನ್ ಉಮ್ಮಾಮನ ಕೋಣೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯ ಗೀಟುಗಳನ್ನೂ ಹಾಕುತ್ತಿದ್ದ. ತನ್ನ ಇದ್ದತ್ತಿನ ದಿನಗಳನ್ನು ಮೊಮ್ಮಗ ಎಣಿಸಿಕೊಡುತ್ತಿದ್ದಾನೆ ಎಂದು ಮೈಮೂನಮ್ಮ ತಿಳಿದಿದ್ದರು. ತನ್ನನ್ನು ನೋಡಲು ಬಂದವರಿಗೂ ಅದನ್ನು ಹೇಳಿ ಅವನನ್ನು ಹೊಗಳಿದ್ದರು.

"ಇನ್ನು ನಲವತ್ತೊಂದೇ ದಿನ ಉಮ್ಮಾಮ," ಎಂದ ಅವನು ಆ ಸಂಜೆ, ಸ್ಟೂಲಿನಿಂದ ಇಳಿಯುತ್ತ. "ಉಪ್ಪಾಪ ಬರುವಾಗ ನನ್ನ ಹಲ್ಲು ಬಂದಿರ್ತದಾ?"

"ಬಂದಿರ್ತದೆ," ಎಂದರು ಮೈಮೂನಮ್ಮ ತಸ್ಬೀಹಿನ ಮಣಿ ಎಳೆಯುತ್ತ. ಮುಂದಿನ ಮಣಿಗೆ ಬೆರಳು ಹೋಗಲಿಲ್ಲ.

ಹಲ್ಲಿನ ಬಗ್ಗೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಸಾವು ಎಂದರೆ ಹುಡುಗನಿಗೆ ಗೊತ್ತೇ ಇರಲಿಲ್ಲ ಎಂದಲ್ಲ. ನಿನ್ನ ಉಪ್ಪಾಪ ಸತ್ತದ್ದಲ್ವಾ ಎಂದು ಕ್ಲಾಸಿನ ಹುಡುಗನೊಬ್ಬ ಕೇಳಿದಾಗ, ಹೌದು, ನಾಲ್ಕು ತಿಂಗಳು ಹತ್ತು ದಿನಕ್ಕೆ ಎಂದು ಉತ್ತರ ಕೊಟ್ಟು ಬಂದಿದ್ದ. ದಮ್ಮಾಮಿಗಾದರೆ ಎರಡು ವರ್ಷ. ಉಪ್ಪಾಪ ಹೋದದ್ದು ಅದಕ್ಕಿಂತ ಹತ್ತಿರ. ಅವನ ಲೆಕ್ಕದಲ್ಲಿ ಉಮ್ಮಾಮ ಕೂತದ್ದೇ ಉಪ್ಪಾಪ ಬರಲಿ ಎಂದು. ಅವರು ನಡುವೆ ಎದ್ದು ಹೊರಗೆ ಹೋಗದಂತೆ, ಯಾರೂ ಒಳಗೆ ಬಂದು ಕೆಡಿಸದಂತೆ ನೋಡಿಕೊಳ್ಳುವುದು ತನ್ನ ಜವಾಬ್ದಾರಿ. ಮೂರು ತಿಂಗಳು ಬಾಗಿಲು ಕಾದದ್ದು ಅದಕ್ಕೆ. ಉಪ್ಪಾಪನ ಹಳೆಯ ಚಪ್ಪಲಿ ತೊಳೆದು, ಒರೆಸಿ, ಮೆಟ್ಟಿಲ ಬಳಿ ಜೋಡಿಸಿಟ್ಟದ್ದೂ ಅದಕ್ಕೆ.

"ನೀವೇ ಹೇಳಿ ಮಾಮಿ," ಎಂದಳು ಮುರ್ಶಿದಾ. "ನಾನು ಹೇಳಿದ್ರೆ ನನಗೇ ಅಳು ಬರ್ತದೆ. ನಿಮ್ಮ ಮಾತಾದ್ರೆ ಕೇಳ್ತಾನೆ."

"ಹೇಳುವ, ಹೇಳುವ," ಎಂದ ನವಾಝ್ ಫೋನಿನಲ್ಲಿ. "ಮಕ್ಕಳಲ್ವಾ ಉಮ್ಮ, ಅಷ್ಟರಲ್ಲಿ ಮರ್ತುಹೋಗ್ತದೆ."

ಮರೆಯಲಿಲ್ಲ. ಗೀಟುಗಳು ಮುಂದುವರಿದವು. ಇಂದು ಹೇಳಬೇಕು ಎಂದು ಮೈಮೂನಮ್ಮ ಪ್ರತಿ ಬೆಳಿಗ್ಗೆ ನಿಶ್ಚಯಿಸುತ್ತಿದ್ದರು. ಹುಡುಗ ತಾನಾಗಿ ಕಾದು ಕಾದು, ಆ ದಿನ ಯಾರೂ ಬಾರದೆ, ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದೂ ತನಗೆ ಹೇಳಲಿಲ್ಲವೆಂದು ತಿಳಿದರೆ ಮತ್ತೆ ಈ ಜನ್ಮದಲ್ಲಿ ಉಮ್ಮಾಮನ ಮಾತು ನಂಬುವುದಿಲ್ಲ. ಅದು ಅವರಿಗೆ ಬಿಸಿಲಿನಷ್ಟು ಸ್ಪಷ್ಟವಾಗಿತ್ತು. ಆದರೂ ಸಂಜೆಯಾಗುತ್ತಲೇ ಬಾಯಿ ಕಟ್ಟುತ್ತಿತ್ತು. ಕಾರಣ ಅವರು ಮುರ್ಶಿದಾಳಿಗೂ ಹೇಳಿರಲಿಲ್ಲ. ಉಳಿದವರೆಲ್ಲ ಬದ್ರುದ್ದೀನರನ್ನು ದುಆದಲ್ಲಿ, ಪ್ರಾರ್ಥನೆಯಲ್ಲಿ ಮಾತ್ರ ಇಟ್ಟಿದ್ದರು. ಅಂಗಡಿಯ ಬೋರ್ಡು ಬದಲಿಸುವ ಮಾತು ಕೂಡ ಆಗಿತ್ತು. "ಉಪ್ಪಾಪ ಬಂದ ಮೇಲೆ ಈ ಫ್ಯಾನಿನ ಸದ್ದಿಗೆ ಬೈತಾರೆ," "ಉಪ್ಪಾಪನಿಗೆ ಈ ದಿಂಬು ಆಗುವುದಿಲ್ಲ" ಎಂದು ದಿನಾ ಮಾತಾಡುವವನು ಈ ಮನೆಯಲ್ಲಿ ಒಬ್ಬನೇ. ಅದನ್ನು ಕೇಳುತ್ತ ಕುಳಿತರೆ ಕೆಲವು ಸಂಜೆ ಮೈಮೂನಮ್ಮನ ಕಿವಿಯೂ ಗೇಟಿನ ಕಡೆ ಹೋಗುತ್ತಿತ್ತು.

ಹಾಗೆ ಮುಂದೂಡುತ್ತ ಮುಂದೂಡುತ್ತ ಕೊನೆಯ ವಾರ ಬಂತು. ಹುಡುಗನ ಲೆಕ್ಕದಲ್ಲಿ ಶನಿವಾರಕ್ಕೆ ನೂರ ಮೂವತ್ತು. ಶುಕ್ರವಾರ ಜುಮಾ ನಮಾಜು ಕಳೆದ ಮೇಲೆ ಹತ್ತಿರ ಕೂರಿಸಿಕೊಂಡು ಹೇಳುವುದು ಎಂದು ಮೈಮೂನಮ್ಮ ತೀರ್ಮಾನಿಸಿದರು. ಇದು ಖಂಡಿತ.

ಗುರುವಾರ ಮಧ್ಯಾಹ್ನದ ಮೇಲೆ ಅಬ್ಬಾಸ್ ಫೋನ್ ಮಾಡಿದರು. ಮುರ್ಶಿದಾ ದರ್ಜಿಯ ಹತ್ತಿರ ಬಿ.ಸಿ. ರೋಡಿಗೆ ಹೋಗಿದ್ದಳು. ಕಿವಿ ಮಂದವಾದ ಮೈಮೂನಮ್ಮ ಎಂದಿನಂತೆ ಸ್ಪೀಕರ್ ಒತ್ತಿ ಫೋನನ್ನು ಮಡಿಲಲ್ಲಿಟ್ಟುಕೊಂಡರು. ಶಾಲೆಯಿಂದ ಬಂದ ಇಹ್ಸಾನ್ ಅಲ್ಲೇ ನೆಲದ ಮೇಲೆ ಕುಳಿತು ಬಿಸ್ಕಿಟಿನ ಕ್ರೀಮು ನೆಕ್ಕುತ್ತಿದ್ದ.

"ಅಕ್ಕಾ, ಮಸೀದಿಯ ಖತೀಬರ ಹತ್ರ ಕೇಳಿದೆ. ಇಂಗ್ಲಿಷ್ ತಿಂಗಳಿನ ಲೆಕ್ಕ ಅಲ್ಲ ಅಂತೆ, ಚಂದ್ರನ ಲೆಕ್ಕ. ಎರಡು ತಿಂಗಳು ಇಪ್ಪತ್ತೊಂಬತ್ತಕ್ಕೇ ಮುಗಿದದ್ದು. ಹಾಗಾಗಿ ನಿಮ್ಮ ಇದ್ದತ್ ಇವತ್ತು ಸಂಜೆ ಮಗ್ರಿಬ್‌ಗೆ ಮುಗೀತದೆ. ಇವತ್ತೇ!"

"ಇವತ್ತಾ?" ಎಂದರು ಮೈಮೂನಮ್ಮ.

ಫೋನ್ ಇಡುವಾಗ ಬಿಸ್ಕಿಟಿನ ಎರಡು ಬೋಳು ಹೋಳುಗಳು ನೆಲದ ಮೇಲಿದ್ದವು. ಹುಡುಗ ಆಡಲು ಹೋಗಿರಬೇಕು ಎಂದುಕೊಂಡು ಅವರು ಅಸರ್ ನಮಾಜಿಗೆ ನಿಂತರು. ಮುಗಿಸಿ ಚಾಪೆ ಮಡಚುವಾಗ ಮನೆ ತೀರ ಸುಮ್ಮನಿತ್ತು. ಮಕ್ಕಳಿರುವ ಮನೆಯಲ್ಲಿ ಆ ರೀತಿಯ ಮೌನ ಯಾವತ್ತೂ ಒಳ್ಳೆಯದಲ್ಲ. ಕ್ಯಾಲೆಂಡರ್ ನೋಡಿದರು. ಗುರುವಾರ, ಶುಕ್ರವಾರ, ಶನಿವಾರ, ಮೂರಕ್ಕೂ ಒಟ್ಟಿಗೆ ಕೆಂಪು ಗೀಟು ಬಿದ್ದಿತ್ತು. ಮಕ್ಕಳ ಕಪಾಟು ತೆರೆದಿತ್ತು. ಪೆರ್ನಾಲ್ ಹಬ್ಬಕ್ಕೆ ಹೊಲಿಸಿದ ಉಝ್ಮಾಳ ಮಿಂಚಿನ ಫ್ರಾಕು ಅಲ್ಲಿರಲಿಲ್ಲ. ಗೇಟು ಹಾಕಿರಲಿಲ್ಲ.

ನವಾಝ್ ಬರುವ ಪ್ರತಿ ಸಲವೂ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು, ವಿಮಾನ ನಿಲ್ದಾಣದ ಕಾರು ಹೆದ್ದಾರಿಯಿಂದ ಪೇಟೆಗೆ ತಿರುಗುವ ಜಾಗದಲ್ಲಿ ಮುರ್ಶಿದಾಳ ಜೊತೆ ಕಾಯುತ್ತಿದ್ದರು. ಇಂದು ಜೊತೆಗೆ ಯಾರೂ ಇಲ್ಲ. ಒಂದು ಕಡೆ ಹೆದ್ದಾರಿಯ ಲಾರಿಗಳು, ಇನ್ನೊಂದು ಕಡೆ ನೇತ್ರಾವತಿ.

ಮೈಮೂನಮ್ಮ ಬಿಳಿ ಸೀರೆಯ ಮೇಲೆ ಬುರ್ಖಾ ಎಳೆದುಕೊಂಡು ಮೆಟ್ಟಿಲಿಗೆ ಬಂದರು. ಅವರ ಚಪ್ಪಲಿ ಅಲ್ಲಿರಲಿಲ್ಲ. ನಾಲ್ಕು ತಿಂಗಳು ಬೇಡವಾದದ್ದನ್ನು ಯಾರೋ ಎಲ್ಲಿಗೋ ಎತ್ತಿಟ್ಟಿದ್ದರು. ಇದ್ದದ್ದು ಒಂದೇ ಜೊತೆ, ಹುಡುಗ ತೊಳೆದಿಟ್ಟದ್ದು, ಒಂಬತ್ತು ನಂಬರಿನದು. ಐದೂವರೆಯ ಕಾಲುಗಳನ್ನು ಅದರೊಳಗೆ ತೂರಿಸಿ, ಪಟ್ ಪಟ್ ಎಂದು ಸದ್ದು ಮಾಡುತ್ತ, ಮಗ್ರಿಬ್‌ಗೆ ಒಂದೂವರೆ ಗಂಟೆ ಇರುವಾಗ ಅವರು ಇದ್ದತ್ತಿನಿಂದ ಹೊರಗೆ ಬಿದ್ದರು.

ಮಕ್ಕಳು ರಿಕ್ಷಾ ಸ್ಟ್ಯಾಂಡಿನ ಬೆಂಚಿನ ಮೇಲೆ ನಿಂತಿದ್ದರು. ಉಝ್ಮಾಳ ಫ್ರಾಕು ಹಿಂದುಮುಂದಾಗಿತ್ತು. ಪಕ್ಕದಲ್ಲಿ ರಿಕ್ಷಾದ ರುಕ್ಮಯ್ಯ, ಎತ್ತ ನೋಡಬೇಕೆಂದು ತಿಳಿಯದವನ ಹಾಗೆ ನಿಂತಿದ್ದ. ಬದ್ರುದ್ದೀನರ ಅಂಗಡಿಯ ಸಾಮಾನು ಇಪ್ಪತ್ತು ವರ್ಷ ಸಾಗಿಸಿದವನು ಅವನು.

"ಹಿಡಿದು ನಿಲ್ಲಿಸಿದ್ದೇನೆ ಮೈಮೂನಕ್ಕ," ಎಂದ ಅವನು ತಗ್ಗಿದ ದನಿಯಲ್ಲಿ. "ಬಿಳಿ ಕಾರು ಕಂಡ್ರೆ ಸಾಕು, ರಸ್ತೆಗೆ ಓಡ್ತಾನೆ. ಯಾರು ಬರುವುದು ಅಂತ ಕೇಳಿದ್ರೆ... ನಾನೆಂತ ಹೇಳುವುದು ಹೇಳಿ."

ಇಹ್ಸಾನ್ ಬೆಂಚಿನಿಂದ ಹಾರಿದ. ಅವನ ಮುಖದಲ್ಲಿದ್ದದ್ದು ಸಂತೋಷವಲ್ಲ, ಗಾಬರಿ.

"ಯಾಕೆ ಹೊರಗೆ ಬಂದ್ರಿ? ಇನ್ನೂ ಮಗ್ರಿಬ್ ಬಾಂಗ್ ಕೊಡ್ಲಿಲ್ಲ!"

"ನಿಮ್ಮನ್ನು ಹುಡುಕಿಕೊಂಡು ಬಂದದ್ದು."

"ಇಷ್ಟು ದಿನ ಕೂತವರಿಗೆ ಇನ್ನು ಒಂದು ಗಂಟೆ ಕೂತ್ರೆ ಎಂತ ಆಗ್ತಿತ್ತು? ಎಲ್ಲ ಹಾಳು ಮಾಡಿದ್ರಿ! ಇನ್ನು ಉಪ್ಪಾಪ ಬರುವುದಿಲ್ಲ. ನೀವು ಹೊರಗೆ ಬಂದದ್ದಕ್ಕೆ ಬರುವುದಿಲ್ಲ."

ಅವನು ಅಳುತ್ತಿದ್ದ. ಮೈಮೂನಮ್ಮ ಬೆಂಚಿನ ಮೇಲೆ ಕುಳಿತರು. ಹೇಳಬೇಕಾದ ಮಾತನ್ನು ಹೇಳದೆಯೇ ಪಾರಾಗಲು ಹುಡುಗ ತಾನಾಗಿ ಒಂದು ದಾರಿ ತೆರೆದು ಕೊಟ್ಟಿದ್ದ. ಹೌದಪ್ಪ, ನನ್ನದೇ ತಪ್ಪು ಎಂದರೆ ಮುಗಿಯಿತು. ಒಂದು ತಿಂಗಳು ಸಿಟ್ಟು ಮಾಡಿಯಾನು. ಅವನ ಮಟ್ಟಿಗೆ ಉಪ್ಪಾಪ ಬರಲು ಹೊರಟಿದ್ದವರಾಗಿಯೇ ಉಳಿಯುತ್ತಾರೆ. ನಲವತ್ತೊಂದು ವರ್ಷ ಯಾವ ಬಸ್ಸು ತಪ್ಪಿದರೂ ಬದ್ರುದ್ದೀನ್ ಅದನ್ನು ಹೆಂಡತಿಯ ಲೆಕ್ಕಕ್ಕೇ ಹಾಕುತ್ತಿದ್ದರು. ಅದರ ಜೊತೆ ಇದೂ ಒಂದು.

"ಹೋಗಿ," ಎಂದ ಇಹ್ಸಾನ್, ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡು. "ಒಳಗೆ ಹೋಗಿ ಪುನಃ ಒಂದರಿಂದ ಶುರು ಮಾಡಿ. ನಾನು ಬಾಗಿಲಲ್ಲಿ ನಿಲ್ತೇನೆ. ಈ ಸಲ ಶಾಲೆಗೂ ಹೋಗುವುದಿಲ್ಲ."

ಮೈಮೂನಮ್ಮ ಅವನ ಎರಡೂ ಕೈ ಹಿಡಿದುಕೊಂಡರು.

"ಉಪ್ಪಾಪ ಬರುವುದಿಲ್ಲ ಮೋನೆ. ನಾನು ಹೊರಗೆ ಬಂದದ್ದಕ್ಕಲ್ಲ. ನಾಲ್ಕು ವರ್ಷ ಕೂತ್ರೂ ಬರುವುದಿಲ್ಲ. ಮೌತಾದವರು ಬರ್ಲಿಕ್ಕಿಲ್ಲ."

"ಸುಳ್ಳು. ತಪ್ಪು ಮಾಡಿ ಸಿಕ್ಕಿಬಿದ್ದದ್ದಕ್ಕೆ ಹೀಗೆ ಹೇಳುವುದು ನೀವು."

"ಅಲ್ಲ."

"ಉಪ್ಪಾಪ ಬರುವಾಗ ಹಲ್ಲು ಬಂದಿರ್ತದೆ ಅಂತ ನೀವೇ ಹೇಳಿದ್ದು!" ಅವನು ಮೇಲ್ದುಟಿ ಎತ್ತಿ ತೋರಿಸಿದ. ಎರಡು ಹೊಸ ಹಲ್ಲುಗಳು ಗರಗಸದ ಅಂಚಿನಂತೆ ಅರ್ಧ ಇಳಿದಿದ್ದವು.

ಮೈಮೂನಮ್ಮ ಬುರ್ಖಾದ ತುದಿಯಿಂದ ಅವನ ಕೆನ್ನೆ ಒರೆಸಿದರು. ಅವರು ರುಕ್ಮಯ್ಯನ ಕಡೆ ನೋಡಿದರು. ಅವನು ರಿಕ್ಷಾದ ಮುಂದಿನ ಚಕ್ರವನ್ನು ಪರೀಕ್ಷಿಸುತ್ತಿದ್ದ.

"ಹೌದು ಮಗಾ," ಎಂದ ಕೊನೆಗೆ, ಚಕ್ರಕ್ಕೇ ಹೇಳುವಂತೆ. "ಆ ದಿನ ಪಳ್ಳಿಗೆ ನಾನೂ ಹೋಗಿದ್ದೆ. ಅಲ್ಲೇ ಮಣ್ಣು ಮಾಡಿದ್ದು."

ಇಹ್ಸಾನ್ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದ. ಆಧಾರ್ ಕಾರ್ಡು ಓದುವಾಗಿನ ಮುಖ.

"ತೋರಿಸಿ."

ರಿಕ್ಷಾದಲ್ಲಿ ಮೂರು ನಿಮಿಷದ ದಾರಿ. ಉಝ್ಮಾ, ಕಾರಿನಲ್ಲಿ ಬರುವವರನ್ನು ಕರೆತರಲು ರಿಕ್ಷಾದಲ್ಲಿ ಯಾಕೆ ಹೋಗುವುದು ಎಂದು ಎರಡು ಸಲ ಕೇಳಿದಳು. ಮಸೀದಿಯ ಅಂಗಳದಲ್ಲಿ ನೀರಿನ ಪೈಪು ಎಳೆಯುತ್ತಿದ್ದ, ಅಲ್ಲಿನ ಕೆಲಸ ನೋಡಿಕೊಳ್ಳುವ ಮುಕ್ರಿ ಇರ್ಷಾದ್‌ಗೆ ಮೈಮೂನಮ್ಮ ರಿಕ್ಷಾದೊಳಗಿಂದಲೇ ವಿಷಯ ಹೇಳಿದರು. ಅವನು ಪೈಪು ಕೆಳಗಿಟ್ಟು, ಕೈ ಒರೆಸಿಕೊಂಡು, ಹುಡುಗನ ಕೈ ಹಿಡಿದು ದಫನ ಭೂಮಿಯ ಗೇಟು ತೆರೆದ. ಹೆಂಗಸರು ಅಲ್ಲಿಗೆ ಹೋಗುವ ರೂಢಿಯಿಲ್ಲ. ಗಂಡನನ್ನು ಯಾವ ಮೂಲೆಯಲ್ಲಿ ಮಲಗಿಸಿದ್ದಾರೆಂದು ಮೈಮೂನಮ್ಮನಿಗೂ ಗೊತ್ತಿರಲಿಲ್ಲ.

ಗೋಡೆಯ ಮೇಲಿನಿಂದ ಮುಕ್ರಿಯ ಬಿಳಿ ಟೊಪ್ಪಿಯಷ್ಟೇ ಕಾಣುತ್ತಿತ್ತು. ಹುಡುಗನ ತಲೆ ಅಷ್ಟು ಎತ್ತರಕ್ಕೆ ಬರುವುದಿಲ್ಲ. ಟೊಪ್ಪಿ ಎಡಕ್ಕೆ ಸರಿಯುತ್ತ ಹೋಯಿತು, ಒಂದು ಮಾವಿನ ಮರ ದಾಟಿತು, ನಿಂತಿತು. ಬಗ್ಗಿತು. ಮತ್ತೆ ಮೇಲೆ ಬರಲು ಬಹಳ ಹೊತ್ತು ಹಿಡಿಯಿತು. ಮಾವಿನ ಮರದಿಂದ ಸ್ವಲ್ಪ ಆಚೆಗೆ ಎಂದು ಮೈಮೂನಮ್ಮ ಮನಸ್ಸಿನಲ್ಲಿ ಗುರುತು ಇಟ್ಟುಕೊಂಡರು.

ಇಹ್ಸಾನ್ ಹೊರಗೆ ಬಂದಾಗ ಅಳು ನಿಂತಿತ್ತು. ಮೊಣಕಾಲಿಗೆ ಕೆಂಪು ಮಣ್ಣು ಹತ್ತಿತ್ತು. ರಿಕ್ಷಾ ಹತ್ತಿ ಕುಳಿತ.

"ಎರಡು ಕಲ್ಲು ಉಂಟು," ಎಂದ. "ಹುಲ್ಲು ಬಂದಿದೆ."

"ಹ್ಞೂಂ."

"ಆಚೆ ಬದಿಯಲ್ಲೇ ಮದ್ರಸ. ನಾನು ದಿನಾ ಆ ಗೋಡೆಯ ಹತ್ರದಿಂದಲೇ ಹೋಗುವುದು."

"ಹೌದು."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಉಮ್ಮನಿಗೆ?"

"ಗೊತ್ತಿತ್ತು."

"ಉಪ್ಪನಿಗೆ? ಉಸ್ತಾದರಿಗೆ?"

"ಎಲ್ಲರಿಗೂ ಗೊತ್ತಿತ್ತು ಮೋನೆ."

ಅವನು ಮೊಣಕಾಲಿನ ಮಣ್ಣು ಕೊಡವಿದ. ಕೇಳಬೇಕಾದ ಹೆಸರು ಇನ್ನೊಂದು ಉಳಿದಿತ್ತು.

"ಉಝ್ಮಾಳಿಗೆ?"

"ಅವಳಿಗೆ ಗೊತ್ತಿಲ್ಲ."

ಉಝ್ಮಾ ಮುಂದಿನ ಸೀಟಿನಲ್ಲಿ ರುಕ್ಮಯ್ಯನ ಪಕ್ಕ ಕುಳಿತು ಹಾರ್ನ್ ಒತ್ತುತ್ತಿದ್ದಳು. ತನ್ನ ಹೆಸರು ಕೇಳಿ ಹಿಂದೆ ತಿರುಗಿದಳು.

"ಉಪ್ಪಾಪ ಒಳಗೆ ಇದ್ರಾ?"

ಮೈಮೂನಮ್ಮ ಬಾಯಿ ತೆರೆದರು. ಈ ಸಲ ತಡಮಾಡುವುದಿಲ್ಲ ಎಂದು ಅವರು ನಿಜವಾಗಿಯೂ ನಿಶ್ಚಯಿಸಿದ್ದರು.

"ಇಲ್ಲ," ಎಂದ ಇಹ್ಸಾನ್, ಅವರಿಗಿಂತ ಮೊದಲು. ದನಿಯಲ್ಲಿ ಒಂದಿಷ್ಟೂ ಏರುಪೇರಿರಲಿಲ್ಲ. "ದಾರಿಯಲ್ಲಿದ್ದಾರಂತೆ. ಸ್ವಲ್ಪ ಲೇಟಾಗ್ತದಂತೆ."

"ಎಷ್ಟು ಲೇಟು?"

"ನೀನು ಒಂದನೇ ಕ್ಲಾಸಿಗೆ ಹೋಗುವಾಗ ಬರ್ತಾರೆ. ನೀನು ಸರಿಯಾಗಿ ಕೂತುಕೋ, ಬೀಳ್ತೀ."

ಉಝ್ಮಾಳಿಗೆ ಅಷ್ಟು ಸಾಕಾಯಿತು. ಅವಳು ಮತ್ತೆ ಹಾರ್ನಿಗೆ ತಿರುಗಿದಳು. ಇಹ್ಸಾನ್ ತಂಗಿಯ ತಲೆಯ ಮೇಲಿನಿಂದ ಉಮ್ಮಾಮನತ್ತ ನೋಡಿದ. ದೊಡ್ಡವರು ಮಕ್ಕಳ ಎದುರು ಒಬ್ಬರನ್ನೊಬ್ಬರು ನೋಡಿಕೊಳ್ಳುವ, ಈಗ ಬೇಡ, ಆಮೇಲೆ, ಎನ್ನುವ ಆ ನೋಟ. ಮೈಮೂನಮ್ಮ ಬಾಯಿ ಮುಚ್ಚಿದರು.

"ಹೋಗುವನಾ ಮೈಮೂನಕ್ಕ?" ಎಂದು ರುಕ್ಮಯ್ಯ ಕೇಳಿದ.

"ಹೋಗುವ," ಎಂದರು.